ಎರಡನೇ ಮಹಾಯುದ್ಧದ ಬ್ರಿಟಿಷ್ ಟ್ಯಾಂಕುಗಳು ಮತ್ತು ಅವುಗಳ ಫಿರಂಗಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಬ್ರಿಟಿಷ್ ಟ್ಯಾಂಕುಗಳ ಮಾತು ಬಂದಾಗಲೆಲ್ಲ ‘ಅವುಗಳ ಫಿರಂಗಿ ಸಣ್ಣದಿತ್ತು’ ಎಂಬ ಒಂದೇ ವಾಕ್ಯದಲ್ಲಿ ತೀರ್ಪು ಮುಗಿದುಹೋಗುತ್ತದೆ. ಅದರಲ್ಲಿ ಅರ್ಧ ಮಾತ್ರ ಸತ್ಯವಿದೆ. ಫಿರಂಗಿ ತಯಾರಿಸುವವರು ಬ್ರಿಟನ್ನಿನಲ್ಲಿ ತಮ್ಮ ಕೆಲಸವನ್ನು ಬಹುಮಟ್ಟಿಗೆ ಚೆನ್ನಾಗಿಯೇ ಮಾಡಿದ್ದರು. ಆ ಫಿರಂಗಿಗಳನ್ನು ಕೂರಿಸಲು ಟ್ಯಾಂಕಿನೊಳಗೆ ಬಿಟ್ಟಿದ್ದ ಜಾಗವೇ ಪ್ರತಿ ಸಲವೂ ಸಾಲದೆ ಹೋಗುತ್ತಿತ್ತು. ಕೆಳಗಿನ ಬಹುತೇಕ ಉತ್ತರಗಳು ಒಂದಲ್ಲ ಒಂದು ದಾರಿಯಿಂದ ಈ ಜಾಗದ ಪ್ರಶ್ನೆಗೇ ಬಂದು ಸೇರುತ್ತವೆ.

ಟ್ಯಾಂಕನ್ನು ಮೊದಲು ಯುದ್ಧಕ್ಕಿಳಿಸಿದ ದೇಶವೇ ಹಿಂದೆ ಬಿದ್ದದ್ದು ಹೇಗೆ?

1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ ಬ್ರಿಟಿಷರು ಟ್ಯಾಂಕನ್ನು ಮೊದಲ ಬಾರಿಗೆ ಬಳಸಿದರು. ಮೊದಲ ಮಹಾಯುದ್ಧ ಮುಗಿದ ಮೇಲೆ ‘ಮುಂದಿನ ಹತ್ತು ವರ್ಷ ದೊಡ್ಡ ಯುದ್ಧ ಬರುವುದಿಲ್ಲ’ ಎಂಬ ಊಹೆಯ ಮೇಲೆಯೇ ರಕ್ಷಣಾ ಬಜೆಟ್ಟನ್ನು ಹಾಕುವ ಪದ್ಧತಿ 1919ರಲ್ಲಿ ಶುರುವಾಗಿ 1932ರವರೆಗೂ ನಡೆಯಿತು. ಹಣವಿಲ್ಲದ ಆ ವರ್ಷಗಳಲ್ಲಿ ಟ್ಯಾಂಕ್ ವಿನ್ಯಾಸದ ಅನುಭವ ಉಳಿದದ್ದು ಮುಖ್ಯವಾಗಿ ವಿಕರ್ಸ್ ಕಂಪನಿಯೊಂದರಲ್ಲೇ. ಅಲ್ಲಿನ ಪ್ರತಿಭಾವಂತ ವಿನ್ಯಾಸಕಾರ ಸರ್ ಜಾನ್ ಕಾರ್ಡನ್ 1935ರ ಕೊನೆಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಮರುಶಸ್ತ್ರೀಕರಣ ಆರಂಭವಾದಾಗ ಸೇನೆಯು ಟ್ಯಾಂಕುಗಳನ್ನು ಎರಡು ಜಾತಿಗಳಾಗಿ ವಿಂಗಡಿಸಿತು. ಕಾಲಾಳುಗಳ ಜೊತೆ ನಡಿಗೆಯ ವೇಗದಲ್ಲಿ ಸಾಗುವ, ದಪ್ಪ ಕವಚದ ‘ಇನ್‌ಫೆಂಟ್ರಿ ಟ್ಯಾಂಕ್’ ಒಂದು. ಹಿಂದಿನ ಕಾಲದ ಅಶ್ವದಳದ ಹಾಗೆ ಶತ್ರುವಿನ ಬೆನ್ನಿಗೆ ನುಗ್ಗುವ, ತೆಳು ಕವಚದ ವೇಗದ ‘ಕ್ರೂಸರ್ ಟ್ಯಾಂಕ್’ ಇನ್ನೊಂದು. ಈ ವಿಂಗಡಣೆಯಿಂದ ಇದ್ದ ಅಲ್ಪಸ್ವಲ್ಪ ವಿನ್ಯಾಸ ಶಕ್ತಿಯೂ ಇಬ್ಭಾಗವಾಯಿತು. ಎರಡೂ ಜಾತಿಗಳಿಗೆ ಸಾಮಾನ್ಯವಾಗಿದ್ದದ್ದು ಒಂದೇ: 40 ಮಿ.ಮೀ. ವ್ಯಾಸದ 2 ಪೌಂಡರ್ ಫಿರಂಗಿ (ಗುಂಡಿನ ತೂಕದಿಂದ ಬಂದ ಹೆಸರು), ಮತ್ತು ಅದಕ್ಕಷ್ಟೇ ಸಾಲುವಂತೆ ಅಳೆದು ಮಾಡಿದ ಟರೆಟ್, ಅಂದರೆ ಫಿರಂಗಿಯನ್ನು ಹೊತ್ತು ತಿರುಗುವ ಮೇಲಿನ ಗೋಪುರ.

ಟರೆಟ್ ಉಂಗುರ ಎಂದರೇನು? ಅದಕ್ಕೆ ಇಷ್ಟೊಂದು ಮಹತ್ವ ಏಕೆ?

ಟ್ಯಾಂಕಿನ ಒಡಲಿನ ಮೇಲ್ಭಾಗದಲ್ಲಿ ಒಂದು ದುಂಡನೆಯ ಕಿಂಡಿ ಇರುತ್ತದೆ. ಅದರ ಅಂಚಿನಲ್ಲಿ ಬೇರಿಂಗ್ ಕೂರಿಸಿ, ಅದರ ಮೇಲೆ ತಿರುಗುವ ಟರೆಟ್ಟನ್ನು ಇಡುತ್ತಾರೆ. ಈ ಕಿಂಡಿಯ ವ್ಯಾಸವೇ ಟರೆಟ್ ಉಂಗುರದ ಅಳತೆ. ಫಿರಂಗಿ ಹಾರಿದಾಗ ಅದು ಹಿಂದಕ್ಕೆ ಒದೆಯುವ ದೂರ, ಅಂದರೆ ರಿಕಾಯಿಲ್, ಈ ವ್ಯಾಸದೊಳಗೆ ಹಿಡಿಯಬೇಕು. ಅದರ ಹಿಂದೆ ನಿಂತು ಉದ್ದನೆಯ ತೋಟೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ಒಳಗೆ ತಳ್ಳುವ ಸೈನಿಕನಿಗೂ ಜಾಗ ಬೇಕು. ಗನ್ನರ್, ಕಮಾಂಡರ್ ಮತ್ತು ರೇಡಿಯೊ ಸಹ ಅಲ್ಲಿಯೇ ಇರಬೇಕು. ಫಿರಂಗಿಯ ಒದೆತವನ್ನು ತಡೆದುಕೊಂಡು ಒಡಲಿಗೆ ದಾಟಿಸುವುದೂ ಇದೇ ಉಂಗುರ.

ಒರಳಿನ ಗುಂಡಿಯ ಅಳತೆ ಒಮ್ಮೆ ನಿಗದಿಯಾದರೆ ಅದಕ್ಕಿಂತ ದೊಡ್ಡ ಗುಂಡುಕಲ್ಲನ್ನು ಯಾರೂ ಅದರಲ್ಲಿ ಆಡಿಸಲಾರರು. ಟ್ಯಾಂಕಿನ ವಿಷಯವೂ ಹಾಗೆಯೇ. ಕವಚದ ಮೇಲೆ ಇನ್ನೊಂದು ಫಲಕವನ್ನು ಬೆಸೆಯಬಹುದು, ಎಂಜಿನ್ ಬದಲಿಸಬಹುದು. ಆದರೆ ಉಂಗುರವನ್ನು ಹಿಗ್ಗಿಸಬೇಕೆಂದರೆ ಒಡಲನ್ನೇ ಹೊಸದಾಗಿ ಕಟ್ಟಬೇಕು. ಮಟಿಲ್ಡಾ ಎಂಬ ಬ್ರಿಟಿಷ್ ಇನ್‌ಫೆಂಟ್ರಿ ಟ್ಯಾಂಕಿನ ಉಂಗುರ 54 ಅಂಗುಲ, ಅಂದರೆ ಸುಮಾರು 1.37 ಮೀಟರ್ ಇತ್ತು. ಅಮೆರಿಕದ ಶೆರ್ಮನ್ ಟ್ಯಾಂಕಿನದು 69 ಅಂಗುಲ, ಸುಮಾರು 1.75 ಮೀಟರ್. ಹದಿನೈದು ಅಂಗುಲಗಳ ಈ ವ್ಯತ್ಯಾಸದಲ್ಲೇ ಎರಡು ಟ್ಯಾಂಕುಗಳ ಭವಿಷ್ಯ ಅಡಗಿತ್ತು. ಯುದ್ಧದ ಆರಂಭದಲ್ಲಿ ಜರ್ಮನರ ಪಾಂಜರ್ 3ರಲ್ಲಿದ್ದ ಫಿರಂಗಿಯೂ 37 ಮಿ.ಮೀ.ನ ಪುಟ್ಟದೇ; ಆದರೆ ಮುಂದೆ 50 ಮಿ.ಮೀ. ಫಿರಂಗಿ ಹಿಡಿಸುವಷ್ಟು ಅಗಲವಾದ ಉಂಗುರವನ್ನು ಅವರು ಮೊದಲೇ ಇಟ್ಟಿದ್ದರು. ಆ ಫಿರಂಗಿ ಬಂದಾಗ ಟರೆಟ್ಟಿನಿಂದ ಒಬ್ಬ ಸೈನಿಕನನ್ನೂ ಕೆಳಗಿಳಿಸಬೇಕಾಗಲಿಲ್ಲ.

ಬ್ರಿಟನ್ನಿನ ರೈಲುಮಾರ್ಗಗಳ ಇಕ್ಕಟ್ಟಿನಿಂದಾಗಿ ಟ್ಯಾಂಕುಗಳು ಕಿರಿದಾದವು ಎನ್ನುತ್ತಾರಲ್ಲ?

ಹೌದು, ಇದು ಅತಿ ಹೆಚ್ಚು ಬಾರಿ ಕೇಳಿಬರುವ ಸಮರ್ಥನೆ, ಮತ್ತು ಇದರಲ್ಲಿ ಹುರುಳಿಲ್ಲದಿಲ್ಲ. ಬ್ರಿಟನ್ನಿನ ರೈಲು ಸುರಂಗಗಳು, ಸೇತುವೆಗಳು ಮತ್ತು ಪ್ಲಾಟ್‌ಫಾರ್ಮುಗಳು ಹತ್ತೊಂಬತ್ತನೆಯ ಶತಮಾನದ ಅಳತೆಯವಾದ್ದರಿಂದ, ರೈಲಿನಲ್ಲಿ ಅಡೆತಡೆಯಿಲ್ಲದೆ ಸಾಗಬೇಕಾದ ಟ್ಯಾಂಕಿನ ಅಗಲ ಸುಮಾರು 8 ಅಡಿ 9 ಅಂಗುಲ, ಅಂದರೆ 2.67 ಮೀಟರ್ ಮೀರಬಾರದೆಂಬ ಷರತ್ತು ವಿನ್ಯಾಸಕಾರರ ಮೇಲಿತ್ತು.

ಆದರೆ ಇದನ್ನೇ ಪೂರ್ತಿ ಕಾರಣವೆಂದು ಒಪ್ಪುವುದು ನನಗೆ ಕಷ್ಟ. ಶೆರ್ಮನ್ನಿನ ಅಗಲ ಕೇವಲ 2.62 ಮೀಟರ್, ಬ್ರಿಟನ್ನಿನ ಕ್ರೂಸರ್ ಟ್ಯಾಂಕಾದ ಕ್ರುಸೇಡರಿನ ಅಗಲ 2.64 ಮೀಟರ್. ಅಗಲದಲ್ಲಿ ಒಂದು ಕೂದಲೆಳೆ ಕಡಿಮೆಯೇ ಇರುವ ಶೆರ್ಮನ್ನಿನಲ್ಲಿ 69 ಅಂಗುಲದ ಉಂಗುರ ಹಿಡಿಯಿತು, ಕ್ರುಸೇಡರಿನಲ್ಲಿ ಹಿಡಿಯಲಿಲ್ಲ. ಅಮೆರಿಕನ್ನರು ಒಡಲಿನ ಮೇಲ್ಭಾಗವನ್ನು ಎರಡೂ ಟ್ರ್ಯಾಕುಗಳ (ಟ್ಯಾಂಕು ಓಡುವ ಉಕ್ಕಿನ ಸರಪಳಿಪಟ್ಟಿಗಳ) ಮೇಲೆ ಚಾಚುವಂತೆ ಕಟ್ಟಿದ್ದರು. ಹಾಗಾಗಿ ಉಂಗುರಕ್ಕೆ ಇಡೀ ಟ್ಯಾಂಕಿನ ಅಗಲ ಸಿಕ್ಕಿತು. ಬ್ರಿಟಿಷರು ಟರೆಟ್ಟನ್ನು ಬಹುಮಟ್ಟಿಗೆ ಟ್ರ್ಯಾಕುಗಳ ನಡುವಿನ ಜಾಗದಲ್ಲಿಯೇ ಕೂರಿಸುತ್ತಾ ಬಂದರು. ಅದರ ಮೇಲೆ ಕ್ರೂಸರ್ ಟ್ಯಾಂಕುಗಳಿಗೆ ಅವರು ಆರಿಸಿಕೊಂಡದ್ದು ಅಮೆರಿಕದ ವಾಲ್ಟರ್ ಕ್ರಿಸ್ಟಿಯ ಸಸ್ಪೆನ್ಷನ್. 1936ರಲ್ಲಿ ಸೋವಿಯತ್ ಸೇನಾ ಕವಾಯತಿನಲ್ಲಿ ಅಂಥ ಟ್ಯಾಂಕುಗಳ ಓಟವನ್ನು ಕಂಡು ಬೆರಗಾದ ಅಧಿಕಾರಿ ಗಿಫರ್ಡ್ ಮಾರ್ಟೆಲ್ ಅದಕ್ಕಾಗಿ ಒತ್ತಾಯಿಸಿದ್ದರು. ಆ ಸಸ್ಪೆನ್ಷನ್ನಿನ ಉದ್ದನೆಯ ಸ್ಪ್ರಿಂಗುಗಳನ್ನು ಒಡಲಿನ ಪಕ್ಕದ ಜೋಡಿ ಗೋಡೆಗಳ ನಡುವೆ ಅಡಗಿಸಬೇಕಾದ್ದರಿಂದ ಎರಡೂ ಬದಿಗಳಲ್ಲಿ ಒಳಗಿನ ಜಾಗ ಮತ್ತಷ್ಟು ಕರಗಿತು. ವೇಗ ಸಿಕ್ಕಿತು, ನಿಜ. ಅದಕ್ಕೆ ತೆತ್ತ ಬೆಲೆಯನ್ನು ಫಿರಂಗಿ ಕೂರಿಸುವವರು ಕೊಡಬೇಕಾಯಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಕ್ರುಸೇಡರಿನ ಎತ್ತರ ಸುಮಾರು 2.24 ಮೀಟರ್, ಶೆರ್ಮನ್ನಿನದು ಸುಮಾರು 2.74 ಮೀಟರ್. ಉತ್ತರ ಆಫ್ರಿಕಾದ ಮರುಭೂಮಿಯ ಬಯಲಿನಲ್ಲಿ ಅರ್ಧ ಮೀಟರ್ ತಗ್ಗಾಗಿರುವುದು ಸಣ್ಣ ಅನುಕೂಲವೇನಲ್ಲ.

ಗನ್ನರ್ ಭುಜದಿಂದ ಫಿರಂಗಿಯನ್ನು ಏರಿಸಿ ಇಳಿಸುತ್ತಿದ್ದನೆಂಬುದು ನಿಜವೇ?

ನಿಜ. 2 ಪೌಂಡರ್ ಟ್ಯಾಂಕುಗಳಲ್ಲಿ ಫಿರಂಗಿಯನ್ನು ಮೇಲೆ ಕೆಳಗೆ ಮಾಡಲು ಹಲ್ಲುಚಕ್ರದ ಹಿಡಿಕೆ ಇರಲಿಲ್ಲ. ಫಿರಂಗಿಯನ್ನು ತಕ್ಕಡಿಯ ಹಾಗೆ ಸಮತೋಲವಾಗಿ ತೂಗಿಸಿ, ಅದರ ಬುಡಕ್ಕೆ ಭುಜಪಟ್ಟಿಯೊಂದನ್ನು ಜೋಡಿಸಿದ್ದರು. ಟ್ಯಾಂಕು ಓಡುವಾಗ ಗನ್ನರ್ ತನ್ನ ಭುಜವನ್ನು ಅದಕ್ಕೆ ಒತ್ತಿಕೊಂಡು, ಮೊಣಕಾಲು ಬಾಗಿಸುತ್ತಾ ನೆಟ್ಟಗಾಗುತ್ತಾ, ಗುರಿಯನ್ನು ಕಣ್ಣಳತೆಯಲ್ಲಿ ಹಿಡಿದಿಡಬೇಕಿತ್ತು. ಓಡುತ್ತಲೇ ಗುಂಡು ಹಾರಿಸಬೇಕೆಂಬುದು ಯುದ್ಧಪೂರ್ವದ ಬ್ರಿಟಿಷ್ ಟ್ಯಾಂಕ್ ತರಬೇತಿಯ ಮೂಲಮಂತ್ರವಾಗಿತ್ತು, ಮತ್ತು ಅದರಲ್ಲಿ ನುರಿತ ಗನ್ನರುಗಳು ಇದ್ದರು.

ತೊಂದರೆ ಇದ್ದದ್ದು ಆ ಸಮತೋಲದಲ್ಲಿ. ಫಿರಂಗಿ ಭುಜದ ಬಲಕ್ಕೆ ಹಗುರವಾಗಿ ಆಡಬೇಕೆಂದರೆ ಅದನ್ನು ನೇತುಹಾಕುವ ತಿರುಗುಗೂಟಗಳು ಅದರ ಭಾರದ ಮಧ್ಯಬಿಂದುವಿನಲ್ಲಿಯೇ ಇರಬೇಕು. ಹಾಗಾದಾಗ ಫಿರಂಗಿಯ ಬುಡದ ಹೆಚ್ಚಿನ ಭಾಗ ಟರೆಟ್ಟಿನೊಳಕ್ಕೆ ಬರುತ್ತದೆ. ಮೊದಲೇ ಕಿರಿದಾದ ಉಂಗುರದಲ್ಲಿ ಇದೊಂದು ಹೆಚ್ಚುವರಿ ಬಾಡಿಗೆದಾರನನ್ನು ಕೂರಿಸಿಕೊಂಡಂತೆ. 2 ಪೌಂಡರಿಗೆ ನಡೆದ ಈ ಏರ್ಪಾಡು ಮುಂದೆ ಉದ್ದನೆಯ, ಭಾರವಾದ ಫಿರಂಗಿಗಳಿಗೆ ಹೊಂದಲಿಲ್ಲ. ಮರುಭೂಮಿಯಲ್ಲಿ ನಡೆದ ಕಾಳಗಗಳು ನಿಂತು, ಗುರಿಯಿಟ್ಟು, ದೂರದಿಂದ ಹೊಡೆಯುವವನೇ ಗೆಲ್ಲುತ್ತಾನೆಂದು ತೋರಿಸಿದ ಮೇಲೆ, 75 ಮಿ.ಮೀ. ಫಿರಂಗಿಯ ಕ್ರಾಮ್‌ವೆಲ್ ಎಂಬ ಕ್ರೂಸರ್ ಟ್ಯಾಂಕು ಬರುವ ಹೊತ್ತಿಗೆ ಹಲ್ಲುಚಕ್ರದ ಹಿಡಿಕೆ ಬಂದಿತು.

2 ಪೌಂಡರ್ ಕೆಟ್ಟ ಫಿರಂಗಿಯಾಗಿತ್ತೇ?

1939ರಲ್ಲಿ ಅಲ್ಲ. ಆಗಿನ ಜರ್ಮನ್ 37 ಮಿ.ಮೀ. ಫಿರಂಗಿಗಿಂತ ಅದರ ಭೇದಕ ಶಕ್ತಿ ಹೆಚ್ಚೇ ಇತ್ತು. 1940ರ ಡಿಸೆಂಬರ್ 9ರಂದು ಈಜಿಪ್ಟಿನ ನಿಬೆಯ್ವಾದಲ್ಲಿದ್ದ ಇಟಾಲಿಯನ್ ಶಿಬಿರದ ಮೇಲೆ 4ನೇ ಭಾರತೀಯ ಡಿವಿಷನ್ನಿನ ಜೊತೆ ಮಟಿಲ್ಡಾಗಳು ನುಗ್ಗಿದಾಗ, ಅವುಗಳ 78 ಮಿ.ಮೀ. ಕವಚವನ್ನು ಇಟಾಲಿಯನ್ ಫಿರಂಗಿಗಳು ಭೇದಿಸಲಾಗಲಿಲ್ಲ, 2 ಪೌಂಡರಿನ ಮುಂದೆ ಇಟಾಲಿಯನ್ ಟ್ಯಾಂಕುಗಳು ನಿಲ್ಲಲೂ ಆಗಲಿಲ್ಲ.

ಅದರ ನಿಜವಾದ ಕೊರತೆ ಬೇರೆಯದು. ಟ್ಯಾಂಕಿನ 2 ಪೌಂಡರಿಗೆ ಕೊಡುತ್ತಿದ್ದದ್ದು ಗಟ್ಟಿ ಉಕ್ಕಿನ ಕವಚಭೇದಕ ಗುಂಡುಗಳನ್ನು ಮಾತ್ರ. ಬಿದ್ದ ಜಾಗದಲ್ಲಿ ಸಿಡಿದು ಚೂರುಗಳನ್ನು ಚಿಮ್ಮಿಸುವ ಸ್ಫೋಟಕ ಗುಂಡು ಅದಕ್ಕೆ ಇರಲಿಲ್ಲ. ಶತ್ರುವಿನ ಟ್ಯಾಂಕು ಎದುರಿಗಿದ್ದರೆ ಇದು ಸರಿ. ಆದರೆ ಎದುರಿಗೆ ಮರಳಿನಲ್ಲಿ ಹುದುಗಿಸಿಟ್ಟ ಟ್ಯಾಂಕುನಾಶಕ ಫಿರಂಗಿ, ಅದರ ಹಿಂದೆ ಬೋರಲು ಮಲಗಿದ ಐದಾರು ಮಂದಿ ಇದ್ದರೆ, ಅವರಲ್ಲಿ ಯಾರಿಗಾದರೂ ಅಥವಾ ಫಿರಂಗಿಗೇ ನೇರವಾಗಿ ತಗುಲಿದ ಹೊರತು ಆ ಉಕ್ಕಿನ ಗುಂಡು ನೆಲದಲ್ಲಿ ಹೂತುಹೋಗುವುದಷ್ಟೇ. ಅಂಥ ಗುರಿಗಳಿಗಾಗಿ ಬೇರೆಯೇ ‘ಕ್ಲೋಸ್ ಸಪೋರ್ಟ್’ ಟ್ಯಾಂಕುಗಳಿದ್ದವು ನಿಜ. ಹೊವಿಟ್ಜರ್ (ಗುಂಡನ್ನು ಎತ್ತರಕ್ಕೆ ಬಾಗಿಸಿ ಎಸೆಯುವ ಗಿಡ್ಡ ಫಿರಂಗಿ) ಹೊತ್ತ ಅವುಗಳಲ್ಲಿ ತುಂಬಿರುತ್ತಿದ್ದದ್ದು ಹೆಚ್ಚಾಗಿ ಹೊಗೆಗುಂಡುಗಳು. ಫಿರಂಗಿಯಿರುವ ವಾಹನವೊಂದಕ್ಕೆ ಶತ್ರುವಿನ ಫಿರಂಗಿಯನ್ನು ಹೊಡೆಯುವ ಸಾಮರ್ಥ್ಯವನ್ನೇ ಕೊಡದೆ, ಅದರ ಮುಂದೆ ಪರದೆ ಕಟ್ಟುವ ಸಾಮರ್ಥ್ಯವನ್ನು ಮಾತ್ರ ಕೊಟ್ಟದ್ದು ಇಡೀ ಪ್ರಕರಣದ ಅತ್ಯಂತ ಅರ್ಥವಾಗದ ತೀರ್ಮಾನವೆಂದು ನನಗೆ ತೋರುತ್ತದೆ.

ಇದರ ಪರಿಣಾಮ 1941ರ ಜೂನ್ 15ರಂದು ಈಜಿಪ್ಟ್-ಲಿಬಿಯಾ ಗಡಿಯ ಬಳಿಯ ಹಲ್ಫಾಯ ಕಣಿವೆಯಲ್ಲಿ ಕಾಣಿಸಿತು. ‘ಬ್ಯಾಟಲ್‌ಆಕ್ಸ್’ ಕಾರ್ಯಾಚರಣೆಯ ಆ ಮುಂಜಾನೆ, ಮಟಿಲ್ಡಾಗಳು ಕಣಿವೆಯ ಮೇಲ್ಭಾಗದಿಂದಲೂ ಕೆಳಗಿನ ಕರಾವಳಿಯ ಬದಿಯಿಂದಲೂ ಮುಂದುವರಿದವು. ಮೇಲೆ, ನೆಲದಲ್ಲಿ ಹುದುಗಿಸಿದ್ದ ಜರ್ಮನ್ 88 ಮಿ.ಮೀ. ಫಿರಂಗಿಗಳು ಅವುಗಳನ್ನು ಒಂದೊಂದಾಗಿ ಆರಿಸಿ ಹೊಡೆದವು. ಕೆಳಗೆ, ಹಲವು ಟ್ಯಾಂಕುಗಳು ನೆಲಬಾಂಬುಗಳಿಗೆ ಸಿಕ್ಕಿಬಿದ್ದವು. ಅವುಗಳನ್ನು ನಂಬಿ ಹಿಂದೆ ಬಂದಿದ್ದ ಕಾಲಾಳುಗಳು 11ನೇ ಭಾರತೀಯ ಬ್ರಿಗೇಡಿನವರು. ಕೆಳಗಿನಿಂದ ದಾಳಿ ಮಾಡಿದವರಲ್ಲಿ ರಜಪುತಾನಾ ರೈಫಲ್ಸ್ ಜೊತೆಗೆ, ಬೆಳಗಾವಿಯನ್ನೇ ಕೇಂದ್ರವಾಗಿಟ್ಟುಕೊಂಡಿದ್ದ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದು ಬೆಟಾಲಿಯನ್ ಕೂಡ ಇತ್ತು.

ಇನ್ನೂ ದೊಡ್ಡದಾದ 6 ಪೌಂಡರ್ ಏಕೆ ತಡವಾಗಿ ಬಂತು?

57 ಮಿ.ಮೀ.ನ 6 ಪೌಂಡರಿನ ಚಿಂತನೆ 1938ರ ಹೊತ್ತಿಗೇ ವುಲಿಚ್ ಶಸ್ತ್ರಾಗಾರದಲ್ಲಿ ಶುರುವಾಗಿತ್ತು. ಅಷ್ಟರಲ್ಲಿ 1940ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಫ್ರಾನ್ಸ್ ಕುಸಿಯಿತು. ಡಂಕರ್ಕಿನಿಂದ ಸೈನಿಕರು ಹಿಂತಿರುಗಿದರು, ಅವರ ಫಿರಂಗಿಗಳು ಹಿಂತಿರುಗಲಿಲ್ಲ. ಜರ್ಮನರು ಯಾವ ದಿನವಾದರೂ ಕಡಲು ದಾಟಿ ಬರಬಹುದೆಂಬ ಭಯದಲ್ಲಿ, ಹೊಸ ಫಿರಂಗಿಗಾಗಿ ಕಾರ್ಖಾನೆಯ ಯಂತ್ರಗಳನ್ನು ಬದಲಿಸಿ ತಿಂಗಳುಗಟ್ಟಲೆ ಕಾಯುವುದಕ್ಕಿಂತ, ಕೆಲಸಗಾರರ ಕೈಗೆ ಪಳಗಿದ 2 ಪೌಂಡರುಗಳನ್ನೇ ರಾಶಿ ರಾಶಿಯಾಗಿ ಮಾಡುವುದು ಲೇಸೆಂದು ಸರ್ಕಾರ ನಿರ್ಧರಿಸಿತು. ಈ ನಿರ್ಧಾರವನ್ನು ಹೀಗಳೆಯುವವರು ಆ ಬೇಸಿಗೆಯ ಪರಿಸ್ಥಿತಿಯನ್ನು ಒಮ್ಮೆ ನೆನೆಯಬೇಕು. ನಾನಾದರೂ ಬೇರೆ ನಿರ್ಧಾರ ತೆಗೆದುಕೊಳ್ಳುತ್ತಿದ್ದೆನೆಂದು ಹೇಳಲಾರೆ. 6 ಪೌಂಡರಿನ ತಯಾರಿಕೆ 1941ರ ನವೆಂಬರಿನಲ್ಲಷ್ಟೇ ಶುರುವಾಯಿತು.

ಕ್ಷಮಿಸಲಾಗದ ತಪ್ಪು ಇದಲ್ಲ. ದೊಡ್ಡ ಫಿರಂಗಿಯೊಂದು ಬರುತ್ತಿದೆಯೆಂದು ತಿಳಿದಿದ್ದರೂ ಅದು ಹಿಡಿಸುವಂಥ ಟ್ಯಾಂಕನ್ನು ಅದರ ಜೊತೆಜೊತೆಗೇ ಸಿದ್ಧಪಡಿಸಿ ಇಟ್ಟುಕೊಳ್ಳಲಿಲ್ಲ, ತಪ್ಪು ಅಲ್ಲಿದೆ.

ಹಳೆಯ ಟ್ಯಾಂಕುಗಳಿಗೆ 6 ಪೌಂಡರನ್ನು ಕೂರಿಸಿದಾಗ ಏನಾಯಿತು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ವಿರುದ್ಧವಾಗಿ ನಡೆದರೆ ಏನಾಗುತ್ತದೋ ಅದೇ ಆಯಿತು. ಕ್ರುಸೇಡರಿನ ಮೂರನೇ ಮಾದರಿಯಲ್ಲಿ 6 ಪೌಂಡರ್ ಹಿಡಿಯಿತು, ಆದರೆ ಟರೆಟ್ಟಿನಲ್ಲಿದ್ದ ಮೂವರಲ್ಲಿ ಒಬ್ಬ ಹೊರಹೋಗಬೇಕಾಯಿತು. ಉಳಿದದ್ದು ಗನ್ನರ್ ಮತ್ತು ಕಮಾಂಡರ್. ಕಮಾಂಡರನಾದವನು ತಲೆ ಹೊರಗೆ ಹಾಕಿ ಶತ್ರುವನ್ನು ಹುಡುಕಬೇಕು, ಚಾಲಕನಿಗೆ ದಾರಿ ಹೇಳಬೇಕು, ರೇಡಿಯೊದಲ್ಲಿ ಮಾತನಾಡಬೇಕು, ಜೊತೆಯ ಟ್ಯಾಂಕುಗಳ ಮೇಲೆ ಕಣ್ಣಿಡಬೇಕು; ಈಗ ಇವೆಲ್ಲದರ ನಡುವೆ ಕೆಳಗೆ ಬಗ್ಗಿ ಫಿರಂಗಿಗೆ ಗುಂಡನ್ನೂ ತುಂಬಬೇಕು. ಅವನು ಬಗ್ಗಿದಷ್ಟು ಹೊತ್ತು ಟ್ಯಾಂಕು ಕುರುಡಾಗಿರುತ್ತಿತ್ತು.

ವ್ಯಾಲೆಂಟೈನ್ ಎಂಬ ಇನ್‌ಫೆಂಟ್ರಿ ಟ್ಯಾಂಕಿನ ಕಥೆ ಇನ್ನೂ ವಿಚಿತ್ರ. ಅದರ ಮೊದಲ ಮಾದರಿಗಳ ಟರೆಟ್ ಇಬ್ಬರದ್ದು. ದೂರುಗಳನ್ನು ಕೇಳಿ 3ನೇ ಮತ್ತು 5ನೇ ಮಾದರಿಗಳಲ್ಲಿ ಮೂವರಿಗೆ ಜಾಗ ಮಾಡಿದರು. 6 ಪೌಂಡರ್ ಬಂದಾಗ, 8ನೇ ಮಾದರಿಯಿಂದ ಮತ್ತೆ ಇಬ್ಬರಿಗೆ ಇಳಿಸಿದರು. ಅಷ್ಟೇ ಅಲ್ಲ, ಫಿರಂಗಿಯ ಪಕ್ಕದಲ್ಲಿದ್ದ ಮೆಷಿನ್ ಗನ್ನನ್ನೂ ತೆಗೆದುಹಾಕಿದರು. ಕಾಲಾಳುಗಳಿಗೆ ನೆರವಾಗುವುದೇ ಕೆಲಸವಾದ ಟ್ಯಾಂಕಿನಲ್ಲಿ ಶತ್ರು ಕಾಲಾಳುಗಳ ಮೇಲೆ ಹಾರಿಸಲು ಮೆಷಿನ್ ಗನ್ ಇಲ್ಲದಂತಾಯಿತು. ಅದು ಮರಳಿ ಬಂದದ್ದು 10ನೇ ಮಾದರಿಯಲ್ಲಿ. ಮಟಿಲ್ಡಾಗಂತೂ 6 ಪೌಂಡರ್ ಹಿಡಿಸಲೇ ಇಲ್ಲ. ಅದು ಯುದ್ಧದುದ್ದಕ್ಕೂ 2 ಪೌಂಡರ್ ಅಥವಾ ಸಣ್ಣ ಹೊವಿಟ್ಜರಿನೊಂದಿಗೇ ಉಳಿಯಿತು.

ಕೆಲವು ಟ್ಯಾಂಕುಗಳ ಮುಂಭಾಗದಲ್ಲಿ ಪುಟ್ಟ ಮೆಷಿನ್ ಗನ್ ಟರೆಟ್ಟುಗಳು ಏಕಿವೆ?

ಯುದ್ಧಪೂರ್ವದ ಫ್ಯಾಷನ್. ಮೊದಲನೆಯ ಕ್ರೂಸರಿನಲ್ಲಿ ಚಾಲಕನ ಎಡಬಲಕ್ಕೆ ಎರಡು, ಮೊದಲ ಕ್ರುಸೇಡರುಗಳಲ್ಲಿ ಒಂದು ಇದ್ದವು. ಅದರೊಳಗೆ ಮುದುಡಿ ಕೂತವನಿಗೆ ಸೆಖೆ ಮತ್ತು ಹೊಗೆ, ಹೊರಗಿನ ನೋಟ ಅಷ್ಟಕ್ಕಷ್ಟೇ. ಮರುಭೂಮಿಯಲ್ಲಿ ಅವುಗಳನ್ನು ಅನೇಕ ಬಾರಿ ಕಿತ್ತುಹಾಕಿದರು. ಮುಖ್ಯ ಫಿರಂಗಿಗೇ ಜಾಗವಿಲ್ಲದ ವಾಹನದಲ್ಲಿ ಇವು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮುಡಿದ ಮಲ್ಲಿಗೆ.

ಚರ್ಚಿಲ್ ಟ್ಯಾಂಕಿನಲ್ಲಿ ದೊಡ್ಡ ಹೊವಿಟ್ಜರ್ ಒಡಲಿನಲ್ಲೂ ಸಣ್ಣ ಫಿರಂಗಿ ಟರೆಟ್ಟಿನಲ್ಲೂ ಇದ್ದದ್ದೇಕೆ?

ಸ್ಫೋಟಕ ಗುಂಡು ಹಾರಿಸಬಲ್ಲ ಆಯುಧ ಬೇಕಿತ್ತು, ಟರೆಟ್ಟಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಾಗಾಗಿ ಮೊದಲ ಮಾದರಿಯಲ್ಲಿ 3 ಅಂಗುಲದ ಹೊವಿಟ್ಜರನ್ನು ಮುಂಭಾಗದಲ್ಲಿ, ಚಾಲಕನ ಪಕ್ಕದಲ್ಲಿ ಕೂರಿಸಿದರು. ಎರಡೂ ಬದಿಯಲ್ಲಿ ಮುಂದಕ್ಕೆ ಚಾಚಿದ ಟ್ರ್ಯಾಕುಗಳ ನಡುವಿನಿಂದ ಅದು ಇಣುಕುತ್ತಿದ್ದುದರಿಂದ ಎಡಬಲಕ್ಕೆ ತಿರುಗುವ ಅವಕಾಶ ಬಹಳ ಕಡಿಮೆ. ಗುರಿ ಸ್ವಲ್ಪ ಸರಿದರೂ ಇಡೀ ಟ್ಯಾಂಕನ್ನೇ ತಿರುಗಿಸಬೇಕು. ಆ ಏರ್ಪಾಡನ್ನು ಬೇಗನೆ ಕೈಬಿಟ್ಟರು.

ಡಂಕರ್ಕಿನ ನಂತರದ ಆತುರದಲ್ಲಿ ಹುಟ್ಟಿದ ಈ ಟ್ಯಾಂಕಿಗೆ ಆರಂಭದಲ್ಲಿ ಎಷ್ಟು ದೋಷಗಳಿದ್ದವೆಂದರೆ, ತಯಾರಕರಾದ ವಾಕ್ಸ್‌ಹಾಲ್ ಕಂಪನಿಯವರು ಬಳಕೆಯ ಕೈಪಿಡಿಯ ಜೊತೆಗೇ ಚೀಟಿಯೊಂದನ್ನು ಇಟ್ಟು, ಕೊರತೆಗಳು ತಮಗೆ ಗೊತ್ತಿವೆ, ಆದರೆ ಉತ್ಪಾದನೆಯನ್ನು ತಡೆಯಬಾರದೆಂಬ ಆದೇಶವಿದೆ ಎಂದು ಒಪ್ಪಿಕೊಂಡಿದ್ದರು. ಯುದ್ಧಕಾಲದ ಕೈಪಿಡಿಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಸಿಗುವುದು ಅಪರೂಪ. ಮುಂದೆ ದೋಷಗಳನ್ನು ತಿದ್ದಿದ ಮೇಲೆ, ಬೆಟ್ಟ ಹತ್ತುವುದರಲ್ಲಿ ಅದನ್ನು ಸರಿಗಟ್ಟುವ ಟ್ಯಾಂಕುಗಳು ಕಡಿಮೆ ಎನ್ನುವ ಹೆಸರು ಅದಕ್ಕೆ ಬಂತು.

ಇಲ್ಲಿಯೇ ಇನ್ನೊಂದು ಪ್ರಸಂಗವನ್ನು ಹೇಳಬೇಕು. ಟುನೀಷಿಯಾದಲ್ಲಿ ಕೆಟ್ಟುಬಿದ್ದ ಶೆರ್ಮನ್ನುಗಳಿಂದ ಅವುಗಳ 75 ಮಿ.ಮೀ. ಫಿರಂಗಿ ಮತ್ತು ಅದರ ಮುಂದಿನ ಗುರಾಣಿಯನ್ನು ಬಿಚ್ಚಿ ಚರ್ಚಿಲ್ಲುಗಳಿಗೆ ಜೋಡಿಸಬಹುದೆಂದು ಪರ್ಸಿ ಮೊರೆಲ್ ಎಂಬ ಸೇನಾ ಎಂಜಿನಿಯರ್ ಅಧಿಕಾರಿ ತೋರಿಸಿಕೊಟ್ಟರು. ಅಮೆರಿಕನ್ ಟರೆಟ್ಟಿನಲ್ಲಿ ಗುಂಡು ತುಂಬುವವನು ಎಡಗಡೆ ಇರುತ್ತಾನೆ, ಬ್ರಿಟಿಷ್ ಟರೆಟ್ಟಿನಲ್ಲಿ ಬಲಗಡೆ. ಆದ್ದರಿಂದ ಫಿರಂಗಿಯನ್ನೇ ತಲೆಕೆಳಗಾಗಿ ಕೂರಿಸಿದರು. ಸುಮಾರು 200 ಟ್ಯಾಂಕುಗಳು ಹೀಗೆ ಬದಲಾದವು. ವಿನ್ಯಾಸ ಕಚೇರಿಗಳು ವರ್ಷಗಟ್ಟಲೆ ಚರ್ಚಿಸುತ್ತಿದ್ದ ವಿಷಯವನ್ನು ರಿಪೇರಿ ಶೆಡ್ಡಿನವರು ಕೆಲವೇ ತಿಂಗಳುಗಳಲ್ಲಿ ಮುಗಿಸಿದ್ದರು.

ಅತ್ಯಂತ ವಿಫಲವಾದ ಟ್ಯಾಂಕು ಯಾವುದು?

ಸಂಖ್ಯೆಯ ಲೆಕ್ಕದಲ್ಲಿ ಕವನೆಂಟರ್. ರೈಲ್ವೆ ಕಂಪನಿಯೊಂದು ವಿನ್ಯಾಸಗೊಳಿಸಿದ ಈ ಟ್ಯಾಂಕಿಗೆ, ಒಂದೇ ಒಂದು ಮಾದರಿಯನ್ನು ಓಡಿಸಿ ನೋಡುವ ಮೊದಲೇ, 1939ರಲ್ಲಿ ಆರ್ಡರ್ ಕೊಟ್ಟುಬಿಟ್ಟಿದ್ದರು. ಎತ್ತರವನ್ನು ತಗ್ಗಿಸುವ ಹಟದಲ್ಲಿ ಹಿಂಭಾಗದಲ್ಲಿ ಚಪ್ಪಟೆಯಾದ ಎಂಜಿನ್ ಇಟ್ಟರು. ರೇಡಿಯೇಟರಿಗೆ ಅಲ್ಲಿ ಜಾಗ ಸಾಲದೆ, ಅದನ್ನು ಮುಂಭಾಗದಲ್ಲಿ ಚಾಲಕನ ಪಕ್ಕಕ್ಕೆ ತಂದರು. ಬಿಸಿನೀರಿನ ಕೊಳವೆಗಳು ಸೈನಿಕರು ಕೂರುವ ಜಾಗವನ್ನು ಹಾದು ಹೋಗುತ್ತಿದ್ದವು. ಎಂಜಿನ್ನೂ ಕಾಯುತ್ತಿತ್ತು, ಸೈನಿಕರೂ ಬೇಯುತ್ತಿದ್ದರು. ಒಟ್ಟು 1,771 ಕವನೆಂಟರುಗಳು ತಯಾರಾದವು. ಅವು ತರಬೇತಿಗೆ ಬಳಕೆಯಾದವೇ ಹೊರತು, ಫಿರಂಗಿ ಟ್ಯಾಂಕಾಗಿ ಯುದ್ಧಭೂಮಿಯಲ್ಲಿ ಒಂದು ದಳವೂ ಅವುಗಳನ್ನು ಓಡಿಸಲಿಲ್ಲ.

ಬಿಷಪ್ ಮತ್ತು ಆರ್ಚರ್ ವಾಹನಗಳನ್ನು ನೋಡಿ ಜನ ನಗುವುದೇಕೆ?

ಬಿಷಪ್ ವಿಷಯದಲ್ಲಿ ನಗು ಸಕಾರಣವಾದದ್ದು. 1941ರಲ್ಲಿ ಆತುರದಿಂದ 25 ಪೌಂಡರ್ ಎಂಬ ಉತ್ತಮ ಕ್ಷೇತ್ರ ಫಿರಂಗಿಯನ್ನು ವ್ಯಾಲೆಂಟೈನಿನ ಒಡಲಿನ ಮೇಲೆ ಕೂರಿಸಿ, ಅದರ ಸುತ್ತ ಎತ್ತರದ ಉಕ್ಕಿನ ಪೆಟ್ಟಿಗೆಯೊಂದನ್ನು ಕಟ್ಟಿದರು. ಆ ಪೆಟ್ಟಿಗೆಯೊಳಗೆ ಫಿರಂಗಿಯ ಮೂತಿ 15 ಡಿಗ್ರಿಗಿಂತ ಮೇಲೇಳುತ್ತಿರಲಿಲ್ಲ. ನೆಲದ ಮೇಲಿದ್ದಾಗ 13,400 ಗಜ ದೂರ ಹೊಡೆಯುತ್ತಿದ್ದ ಫಿರಂಗಿ, ಪೆಟ್ಟಿಗೆ ಸೇರಿದ ಮೇಲೆ 6,400 ಗಜಕ್ಕೆ ಇಳಿಯಿತು. ಸೈನಿಕರು ಮಣ್ಣಿನ ಇಳಿಜಾರುಗಳನ್ನು ಕಟ್ಟಿ, ಇಡೀ ವಾಹನವನ್ನು ಅವುಗಳ ಮೇಲೆ ಹತ್ತಿಸಿ, ಮೂಗು ಮೇಲೆ ಮಾಡಿ ಗುಂಡು ಹಾರಿಸುತ್ತಿದ್ದರು.

ಆರ್ಚರನ್ನು ನಾನು ಹಾಗೆ ತಳ್ಳಿಹಾಕುವುದಿಲ್ಲ. ಅದೇ ವ್ಯಾಲೆಂಟೈನ್ ಒಡಲಿನ ಮೇಲೆ ಉದ್ದನೆಯ 17 ಪೌಂಡರನ್ನು ಹಿಂದುಮುಂದಾಗಿ, ಅಂದರೆ ವಾಹನದ ಹಿಂಬದಿಗೆ ಮುಖಮಾಡಿ ಕೂರಿಸಿದ್ದರು. ಫಿರಂಗಿ ಒದೆಯುವಾಗ ಅದರ ಬುಡ ಚಾಲಕನ ಜಾಗಕ್ಕೇ ಬರುತ್ತಿದ್ದುದರಿಂದ ಗುಂಡು ಹಾರಿಸುವಾಗ ಅವನು ಅಲ್ಲಿ ಇರುವಂತಿರಲಿಲ್ಲ. ಕಾಗದದ ಮೇಲೆ ಇದು ಹಾಸ್ಯಾಸ್ಪದ. ಆದರೆ ಮರೆಯಲ್ಲಿ ನಿಂತು, ಎರಡು ಗುಂಡು ಹಾರಿಸಿ, ಗೇರ್ ಬದಲಿಸುವ ಗೋಜಿಲ್ಲದೆ ನೇರವಾಗಿ ಮುಂದಕ್ಕೆ ಓಡಿಹೋಗುವ ಟ್ಯಾಂಕುನಾಶಕಕ್ಕೆ ಈ ದಿಕ್ಕು ಹೇಳಿಮಾಡಿಸಿದಂತಿತ್ತು. 650ಕ್ಕೂ ಹೆಚ್ಚು ಆರ್ಚರುಗಳು ತಯಾರಾಗಿ, 1944ರ ಕೊನೆಯಿಂದ ಯುರೋಪಿನಲ್ಲಿ ಚೆನ್ನಾಗಿಯೇ ಕೆಲಸ ಮಾಡಿದವು.

17 ಪೌಂಡರನ್ನು ಬ್ರಿಟಿಷ್ ಟ್ಯಾಂಕಿಗೆ ಹಾಕದೆ ಅಮೆರಿಕನ್ ಶೆರ್ಮನ್ನಿಗೆ ಹಾಕಿದ್ದೇಕೆ?

ಈ ಪುಟದ ತಿರುಳೆಲ್ಲ ಈ ಒಂದು ಪ್ರಶ್ನೆಯಲ್ಲಿದೆ. 76.2 ಮಿ.ಮೀ.ನ 17 ಪೌಂಡರ್ ಮಿತ್ರರಾಷ್ಟ್ರಗಳ ಕೈಯಲ್ಲಿದ್ದ ಅತ್ಯುತ್ತಮ ಟ್ಯಾಂಕುನಾಶಕ ಫಿರಂಗಿಗಳಲ್ಲಿ ಒಂದು. ಅದಕ್ಕೆಂದೇ ಅಧಿಕೃತವಾಗಿ ಯೋಜಿಸಿದ ಟ್ಯಾಂಕು ಚಾಲೆಂಜರ್. ಕ್ರಾಮ್‌ವೆಲ್ ಟ್ಯಾಂಕಿನ ಒಡಲನ್ನು ಉದ್ದ ಮಾಡಿ, ಒಂದು ಜೊತೆ ಗಾಲಿಯನ್ನು ಹೆಚ್ಚಿಸಿ, ನಡುಭಾಗವನ್ನು ಅಗಲಿಸಿ, ಮೇಲೆ ಎತ್ತರದ ಟರೆಟ್ಟನ್ನು ಇಟ್ಟರು. ಅದು ಸಿದ್ಧವಾಗುವುದು ತಡವಾಯಿತು. ತಯಾರಾದದ್ದು 200 ಮಾತ್ರ. ನೀರಿನಲ್ಲಿ ನಡೆಯುವ ಸಲಕರಣೆ ಇಲ್ಲದ್ದರಿಂದ 1944ರ ಜೂನಿನಲ್ಲಿ ಫ್ರಾನ್ಸಿನ ನಾರ್ಮಂಡಿಯ ಕಡಲತೀರದಲ್ಲಿ ದಾಳಿಯ ಮೊದಲ ದಿನ ಇಳಿಯುವ ಯೋಗ್ಯತೆಯೂ ಅದಕ್ಕಿರಲಿಲ್ಲ.

ಈ ನಡುವೆ ಲಲ್‌ವರ್ತ್ ಫಿರಂಗಿ ಶಾಲೆಯಲ್ಲಿ ಮೇಜರ್ ಜಾರ್ಜ್ ಬ್ರೈಟಿ ಎಂಬುವರು ತಮ್ಮ ಉತ್ಸಾಹದಿಂದಲೇ 17 ಪೌಂಡರನ್ನು ಶೆರ್ಮನ್ನಿನೊಳಗೆ ಕೂರಿಸುವ ಪ್ರಯತ್ನಕ್ಕೆ ಕೈಹಾಕಿದ್ದರು. ಫಿರಂಗಿಯ ರಿಕಾಯಿಲ್ಲಿಗೆ ಜಾಗ ಸಾಲದೆ, ರಿಕಾಯಿಲ್ ವ್ಯವಸ್ಥೆಯನ್ನೇ ತೆಗೆದು, ಒದೆತವನ್ನು ಇಡೀ ಟ್ಯಾಂಕೇ ತಡೆದುಕೊಳ್ಳಲೆಂದು ಬಿಗಿದುಬಿಟ್ಟರು. ಅದು ನಡೆಯುವ ಮಾತಾಗಿರಲಿಲ್ಲ. ಮರುಭೂಮಿಯ ಅನುಭವವಿದ್ದ ಜಾರ್ಜ್ ವಿದರಿಜ್ ಅವರ ಬೆಂಬಲ ಸಿಕ್ಕಿತು. ಅಧಿಕಾರಿಗಳು ಮೊದಲು ತಡೆದರು, ಆಮೇಲೆ ಒಪ್ಪಿದರು. ವಿಕರ್ಸ್‌ನ ಎಂಜಿನಿಯರ್ ಕಿಲ್‌ಬರ್ನ್ ಅವರಿಗೆ ಕೆಲಸ ಬಂದಾಗ, ಅವರು ರಿಕಾಯಿಲ್ ಸಿಲಿಂಡರುಗಳನ್ನು ಗಿಡ್ಡಗೊಳಿಸಿ ಫಿರಂಗಿಯ ಎರಡೂ ಬದಿಗೆ ಇಟ್ಟರು. ಗುಂಡನ್ನು ಎಡಗಡೆಯಿಂದ ತುಂಬುವಂತೆ ಫಿರಂಗಿಯನ್ನು 90 ಡಿಗ್ರಿ ಪಕ್ಕಕ್ಕೆ ಹೊರಳಿಸಿದರು. ಫಿರಂಗಿಯ ಬುಡಕ್ಕೆ ದಾರಿ ಬಿಡಲು ಟರೆಟ್ಟಿನ ಹಿಂಗೋಡೆಯಲ್ಲಿ ಕಿಂಡಿ ಕೊರೆದು, ರೇಡಿಯೊವನ್ನು ಅದರ ಹಿಂದೆ ಬೆಸೆದ ಉಕ್ಕಿನ ಪೆಟ್ಟಿಗೆಗೆ ಸಾಗಿಸಿದರು. ಗುಂಡು ತುಂಬುವವನು ದೊಡ್ಡ ಬುಡದ ಆಚೆ ಸಿಕ್ಕಿಕೊಳ್ಳುತ್ತಿದ್ದುದರಿಂದ ಅವನ ತಲೆಯ ಮೇಲೆ ಹೊಸ ಬಾಗಿಲು ಕೊಟ್ಟರು. ಮುಂಭಾಗದ ಮೆಷಿನ್ ಗನ್ನರನ್ನು ಕೈಬಿಟ್ಟು, ಆ ಜಾಗದಲ್ಲಿ ಉದ್ದನೆಯ ತೋಟೆಗಳನ್ನು ಪೇರಿಸಿದರು.

ಹೀಗೆ ಹುಟ್ಟಿದ್ದು ಫೈರ್‌ಫ್ಲೈ. 2,000ಕ್ಕೂ ಹೆಚ್ಚು ಶೆರ್ಮನ್ನುಗಳು ಈ ರೂಪ ತಾಳಿದವು. ನಾರ್ಮಂಡಿಯಲ್ಲಿ ಸಾಮಾನ್ಯವಾಗಿ ನಾಲ್ಕು ಟ್ಯಾಂಕುಗಳ ತುಕಡಿಗೆ ಒಂದು ಇರುತ್ತಿತ್ತು. ಉದ್ದನೆಯ ನಳಿಕೆಯನ್ನು ಕಂಡೊಡನೆ ಜರ್ಮನರು ಮೊದಲು ಅದಕ್ಕೇ ಗುರಿಯಿಡುತ್ತಿದ್ದರಿಂದ, ಸೈನಿಕರು ನಳಿಕೆಯ ತುದಿಗೆ ತಿಳಿ ಬಣ್ಣ ಬಳಿದು ಅದನ್ನು ಗಿಡ್ಡವಾಗಿ ಕಾಣಿಸುವ ಉಪಾಯ ಮಾಡಿದ್ದರು. ಇಷ್ಟೆಲ್ಲ ಕಸರತ್ತು ಸಾಧ್ಯವಾದದ್ದು ಶೆರ್ಮನ್ನಿಗೆ 69 ಅಂಗುಲದ ಉಂಗುರವಿದ್ದದ್ದರಿಂದ ಮಾತ್ರ. ಕ್ರಾಮ್‌ವೆಲ್ ಟ್ಯಾಂಕಿನಲ್ಲಿ ಎಂಥ ಜಾಣ ಎಂಜಿನಿಯರನಿಗೂ ಇದು ಆಗುತ್ತಿರಲಿಲ್ಲ.

ಹಾಗಾದರೆ ಕ್ರಾಮ್‌ವೆಲ್ ಕೆಟ್ಟ ಟ್ಯಾಂಕೇ?

ಅಲ್ಲ. ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ನಿನಿಂದ ರೂಪಿಸಿದ 600 ಅಶ್ವಶಕ್ತಿಯ ಮೀಟಿಯರ್ ಎಂಜಿನ್ ಅದಕ್ಕಿತ್ತು. ಅದಕ್ಕೂ ಮುಂಚಿನ ಕ್ರುಸೇಡರುಗಳು ಮೊದಲ ಮಹಾಯುದ್ಧದ ಕಾಲದ ಲಿಬರ್ಟಿ ಎಂಜಿನ್ನನ್ನು ಹೊತ್ತು ಮರಳಿನಲ್ಲಿ ಕೆಮ್ಮುತ್ತಿದ್ದುದನ್ನು ನೆನೆದರೆ, ಇದು ಯುಗಾಂತರವೇ ಸರಿ. ಆದರೆ ಅದಕ್ಕೆಂದು ವಿಕರ್ಸ್ ರೂಪಿಸುತ್ತಿದ್ದ ಶಕ್ತಿಶಾಲಿ 75 ಮಿ.ಮೀ. ಫಿರಂಗಿ ಟರೆಟ್ಟಿನಲ್ಲಿ ಹಿಡಿಯುವುದಿಲ್ಲವೆಂದು ತಡವಾಗಿ ಗೊತ್ತಾಯಿತು. ಬದಲಿಗೆ 6 ಪೌಂಡರಿನ ನಳಿಕೆಯನ್ನೇ ಅಗಲಿಸಿ, ಅಮೆರಿಕನ್ 75 ಮಿ.ಮೀ. ಗುಂಡು ಹಾರಿಸುವ ಫಿರಂಗಿಯನ್ನು ಕೊಟ್ಟರು. ಅದರ ಸ್ಫೋಟಕ ಗುಂಡು ಒಳ್ಳೆಯದು. ಜರ್ಮನರ ಪ್ಯಾಂಥರ್ ಟ್ಯಾಂಕಿನ ಮುಂಭಾಗದ ಕವಚದ ಎದುರು ಅದು ನಿರುಪಯುಕ್ತ. ಇಳಿಜಾರಿಲ್ಲದ ನೇರ ಫಲಕಗಳು, ನಡಿಗೆಗಿಂತ ನಿಧಾನವಾದ ಹಿಂಚಲನೆ ಇವೂ ಅದರ ಕೊರತೆಗಳಾಗಿದ್ದವು.

ಕಾಮೆಟ್ ಟ್ಯಾಂಕಿನ ‘77 ಮಿ.ಮೀ.’ ಫಿರಂಗಿ ನಿಜವಾಗಿ 77 ಮಿ.ಮೀ. ಇತ್ತೇ?

ಇಲ್ಲ, ಅದೂ 76.2 ಮಿ.ಮೀ.ನದ್ದೇ. ಕಾಮೆಟ್ ಟ್ಯಾಂಕಿನ 64 ಅಂಗುಲದ ಉಂಗುರಕ್ಕೆ ಹೊಂದಲೆಂದು 17 ಪೌಂಡರಿಗಿಂತ ಗಿಡ್ಡವಾದ ತೋಟೆಯ ಫಿರಂಗಿಯನ್ನು ಮಾಡಿದರು. ಎರಡಕ್ಕೂ ಒಂದೇ ಹೆಸರಿದ್ದರೆ ತಪ್ಪು ತೋಟೆಗಳು ತಪ್ಪು ಟ್ಯಾಂಕಿಗೆ ಹೋಗುವ ಅಪಾಯವಿದ್ದುದರಿಂದ, ಬೇಕೆಂದೇ ಸುಳ್ಳು ಅಳತೆಯ ಹೆಸರಿಟ್ಟರು.

ಭಾರತದ ಯುದ್ಧರಂಗದಲ್ಲಿ ಈ ಕೊರತೆಗಳು ಕಾಣಿಸಿದವೇ?

ಬರ್ಮಾ ಗಡಿಯಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಮುಖ್ಯವಾಗಿ ಬಳಕೆಯಾದದ್ದು ಅಮೆರಿಕದ ಲೀ ಮತ್ತು ಗ್ರಾಂಟ್ ಟ್ಯಾಂಕುಗಳು. ಅವುಗಳ 75 ಮಿ.ಮೀ. ಫಿರಂಗಿ ಟರೆಟ್ಟಿನಲ್ಲಿಲ್ಲದೆ ಒಡಲಿನ ಬಲಬದಿಯಲ್ಲಿತ್ತು. ಫಿರಂಗಿ ಕೂರಿಸುವ ಲೆಕ್ಕದಲ್ಲಿ ಅದೂ ಒಂದು ತಾತ್ಕಾಲಿಕ ಪರಿಹಾರವೇ. ಆದರೆ ಜಪಾನೀಯರ ಬಳಿ ಬಲವಾದ ಟ್ಯಾಂಕುನಾಶಕಗಳು ಕಡಿಮೆಯಿದ್ದವು, ಮರದ ದಿಮ್ಮಿ ಮತ್ತು ಮಣ್ಣಿನ ಬಂಕರುಗಳು ಮಾತ್ರ ಬೇಕಾದಷ್ಟಿದ್ದವು. ಅವುಗಳನ್ನು ಒಡೆಯಲು ಸ್ಫೋಟಕ ಗುಂಡೇ ಬೇಕಿತ್ತು. 1944ರ ಏಪ್ರಿಲ್ 13ರಂದು ಇಂಫಾಲದ ಬಳಿಯ ನುನ್‌ಶಿಗುಮ್ ಗುಡ್ಡದ ತುದಿಗೆ ಡೋಗ್ರಾ ಕಾಲಾಳುಗಳ ಜೊತೆ ಹತ್ತಿದ್ದು ಇಂಥ ಟ್ಯಾಂಕುಗಳೇ. ಸ್ಫೋಟಕ ಗುಂಡಿಲ್ಲದ 2 ಪೌಂಡರ್ ಅಲ್ಲಿ ಬಂಕರುಗಳ ಮಣ್ಣಿಗೆ ತೂತು ಕೊರೆಯುವುದಕ್ಕಷ್ಟೇ ಲಾಯಕ್ಕಾಗಿರುತ್ತಿತ್ತು.

ಬ್ರಿಟಿಷರು ಕೊನೆಗೂ ಇದನ್ನು ಸರಿಪಡಿಸಿದರೇ?

ಸರಿಪಡಿಸಿದರು, ಯುದ್ಧ ಮುಗಿದ ಮೇಲೆ. 1943ರಲ್ಲಿ ಆರಂಭವಾದ ಸೆಂಚುರಿಯನ್ ವಿನ್ಯಾಸದಲ್ಲಿ ರೈಲುಮಾರ್ಗದ ಅಗಲದ ಕಟ್ಟಳೆಯನ್ನು ಬದಿಗಿಟ್ಟು, ಕ್ರಿಸ್ಟಿ ಸಸ್ಪೆನ್ಷನ್ನನ್ನು ಬಿಟ್ಟು, ಇಳಿಜಾರು ಕವಚವನ್ನು ಕೊಟ್ಟು, 17 ಪೌಂಡರ್ ನಿರಾಳವಾಗಿ ಕೂರುವಂತೆ 74 ಅಂಗುಲದ ಉಂಗುರವನ್ನು ಇಟ್ಟರು. ಹಳೆಯ ಚಟ ಪೂರ್ತಿ ಹೋಗಿರಲಿಲ್ಲ: ಮೊದಲ ಮಾದರಿಗಳ ಟರೆಟ್ಟಿನಲ್ಲಿ ಮುಖ್ಯ ಫಿರಂಗಿಯ ಪಕ್ಕಕ್ಕೆ, ಬೇರೆಯಾಗಿಯೇ ಆಡುವ 20 ಮಿ.ಮೀ. ಪೋಲ್‌ಸ್ಟನ್ ತೋಪೊಂದನ್ನು ತುರುಕಿದ್ದರು. ಅದನ್ನು ಬೇಗನೆ ತೆಗೆದರು. 1945ರ ಮೇ ತಿಂಗಳಲ್ಲಿ ಆರು ಸೆಂಚುರಿಯನ್ನುಗಳು ಜರ್ಮನಿ ತಲುಪಿದಾಗ ಅಲ್ಲಿ ಹೊಡೆಯಲು ಯಾರೂ ಉಳಿದಿರಲಿಲ್ಲ.

ಅದೇ ಉಂಗುರದಲ್ಲಿ ಮುಂದೆ 83.4 ಮಿ.ಮೀ.ನ 20 ಪೌಂಡರ್ ಕೂತಿತು, ಆಮೇಲೆ 105 ಮಿ.ಮೀ. ಫಿರಂಗಿಯೂ ಕೂತಿತು, ಮತ್ತು ಎರಡೂ ಸಲ ಟರೆಟ್ಟಿನಲ್ಲಿ ಮೂವರೂ ಉಳಿದರು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರದ ಕಬ್ಬಿನ ಗದ್ದೆಗಳ ನಡುವೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿದ ಭಾರತೀಯ ಸೇನೆಯ ಟ್ಯಾಂಕುಗಳಲ್ಲಿ 20 ಪೌಂಡರಿನ ಸೆಂಚುರಿಯನ್ನುಗಳೂ ಇದ್ದವು.

ಈ ಟ್ಯಾಂಕುಗಳನ್ನು ಎಲ್ಲಿ ನೋಡಬಹುದು?

ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿ ಮೇಲೆ ಹೇಳಿದ ಬಹುತೇಕ ಎಲ್ಲವೂ ಇವೆ. ನಮಗೆ ಹತ್ತಿರದ್ದು ಮಹಾರಾಷ್ಟ್ರದ ಅಹ್ಮದ್‌ನಗರದ, ಈಗ ಅಹಿಲ್ಯಾನಗರವೆಂದು ಹೆಸರಾದ ಊರಿನ, ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ. ಅಲ್ಲಿ ಯುದ್ಧಕಾಲದ ಬ್ರಿಟಿಷ್ ಟ್ಯಾಂಕುಗಳೂ ಸೆಂಚುರಿಯನ್ನೂ ಒಂದೇ ಆವರಣದಲ್ಲಿವೆ. ನಳಿಕೆಯ ಉದ್ದವನ್ನು ನೋಡುವ ಮೊದಲು ಟರೆಟ್ಟಿನ ಬುಡದ ಅಗಲವನ್ನು ಕಣ್ಣಳತೆಯಲ್ಲಿ ಹೋಲಿಸಿ ನೋಡಬಹುದು.